ಅನ್ನ ಹಬ್ಬಕ್ಕೆ ಮಾತ್ರ ಇದ್ದ ಕಾಲ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದವರನ್ನು ಕೇಳಿ ನೋಡಿ: ಚಿಕ್ಕವರಿದ್ದಾಗ ಅನ್ನ ಯಾವಾಗ ಉಣ್ಣುತ್ತಿದ್ದಿರಿ? ನಾವು ಮನೆಯ ಹಿರಿಯರಿಂದ ಕೇಳುತ್ತಾ ಬೆಳೆದ ಉತ್ತರ ಒಂದೇ. ಹಬ್ಬಕ್ಕೆ, ನೆಂಟರು ಬಂದಾಗ, ಇಲ್ಲವೇ ಜ್ವರ ಬಂದಾಗ. ಉಳಿದ ದಿನವೆಲ್ಲ ಮುದ್ದೆ, ಸೊಪ್ಪಿನ ಸಾರು, ಹುರುಳಿ ಸಾರು.

ಇದಕ್ಕೆ ಕಾರಣ ನಮ್ಮ ನೆಲ. ಜಯಮಂಗಲಿ ನದಿಯ ಆಸುಪಾಸು, ಕೆರೆ ಹಿಂದಿನ ಗದ್ದೆ ಬಿಟ್ಟರೆ ಭತ್ತಕ್ಕೆ ನೀರಿರಲಿಲ್ಲ. ಹೊಲದಲ್ಲಿ ರಾಗಿ, ನವಣೆ, ಸಾಮೆ, ಹುರುಳಿ, ಅವರೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆ ಸುತ್ತುತ್ತಾ ಶಿರಾ, ಮಧುಗಿರಿಗೂ ಬಂದಿದ್ದ. ಒಣ ಹೊಲದ ಬೆಳೆಗಳಲ್ಲಿ ರಾಗಿಯೇ ಮುಖ್ಯ, ಸಾಮಾನ್ಯ ಜನರ ನಿತ್ಯದ ಊಟ ಅದೇ ಎಂದು 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದ. ಹಗೇವಿನಲ್ಲಿ ವರ್ಷಗಟ್ಟಲೆ ಕೆಡದ ರಾಗಿ ಬರಗಾಲಕ್ಕೆ ಆಸರೆ. 1876–78ರ ಧಾತು ಈಶ್ವರ ಬರದಲ್ಲಿ ಆ ಆಸರೆಯೂ ಸಾಲದೆ ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಸತ್ತರು.

ಅಂಥ ನೆಲದಲ್ಲಿ ಹಬ್ಬವೆಂದರೆ ಹೊಟ್ಟೆತುಂಬ ಉಣ್ಣುವ ದಿನ. ಆದರೂ ಅಡುಗೆಯಲ್ಲಿ ಲೆಕ್ಕವಿತ್ತು. ಹೋಳಿಗೆಗೆ ಬೇಯಿಸಿದ ಬೇಳೆಯ ಕಟ್ಟನ್ನು ಚೆಲ್ಲದೆ ಹೋಳಿಗೆ ಸಾರು ಮಾಡುತ್ತಿದ್ದರು. ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಬೇಯಿಸಿದ ಕಡಲೆಕಾಯಿ, ಗೆಣಸು, ಅವರೆಕಾಯಿ. ಶಿವರಾತ್ರಿಗೆ ಉಪವಾಸ, ಆಮೇಲೆ ತಂಬಿಟ್ಟು. ಯುಗಾದಿಯ ಮರುದಿನ ವರ್ಷತೊಡಕಿಗೆ ಹತ್ತಾರು ಮನೆಯವರು ಸೇರಿ ಕುರಿ ಕೊಯ್ದು ಗುಡ್ಡೆ ಬಾಡು ಹಂಚಿಕೊಳ್ಳುತ್ತಿದ್ದರು. ಒಂದು ಮನೆಗೆ ಬರುತ್ತಿದ್ದುದು ಒಂದೆರಡು ಗುಡ್ಡೆ. ಹಬ್ಬ ಮುಗಿದರೆ ಮತ್ತೆ ಮುದ್ದೆ, ಬೀಸುವ ಕಲ್ಲು, ಹೊಲದ ಕಳೆ.

ಆಮೇಲೆ ಕಾಲ ಬದಲಾಯಿತು. 1960ರ ದಶಕದಲ್ಲಿ ಹೆಚ್ಚು ಇಳುವರಿಯ ಭತ್ತ ಬಂತು. 1965ರಲ್ಲಿ ಭಾರತ ಆಹಾರ ನಿಗಮ ಶುರುವಾಯಿತು. ರೇಷನ್ ಅಂಗಡಿಗೆ ಅಕ್ಕಿ ಬಂತು, ಒನಕೆಯ ಜಾಗಕ್ಕೆ ಮಿಲ್ಲು ಬಂತು. ನವಣೆ, ಸಾಮೆಯ ಎಷ್ಟೋ ಹೊಲ ಕಡಲೆಕಾಯಿಗೆ ಹೋಯಿತು. 2013ರಲ್ಲಿ ಅನ್ನಭಾಗ್ಯ ಬಂತು. ಹಸಿವು ಹಿಂದೆ ಸರಿದದ್ದು ಸಣ್ಣ ಮಾತಲ್ಲ. ಅದನ್ನು ಹಗುರವಾಗಿ ಆಡುವವರು ಬರ ಕಂಡವರಲ್ಲ.

ಆದರೆ ಒಂದು ಲೆಕ್ಕ ತಪ್ಪಿತು. ಹಬ್ಬದ ಬಿಳಿ ಅನ್ನ ನಿತ್ಯದ ಊಟವಾಯಿತು. ಟೀ, ಬಿಸ್ಕತ್ತು, ಬೇಕರಿ ತಿಂಡಿಯಿಂದ ಸಿಹಿಯೂ ದಿನಾ ಒಳಗೆ ಬಂತು. ಮೈ ದಣಿಯುವ ಕೆಲಸ ಕಡಿಮೆಯಾಯಿತು. ಹಬ್ಬದ ಊಟ ಮಾತ್ರ ಹಾಗೇ ಉಳಿದು, ಇವೆಲ್ಲದರ ಮೇಲೆ ಬಂದು ಕೂರುತ್ತದೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಹೇಳಿತು. ನಮ್ಮ ಹಳ್ಳಿಗಳೂ ಇದಕ್ಕೆ ಹೊರತಲ್ಲ.

ಹಾಗಂತ ಹೋಳಿಗೆ ಬಿಡಬೇಕಿಲ್ಲ. ಹಬ್ಬವನ್ನು ಹಬ್ಬದ ದಿನಕ್ಕೇ ಇಟ್ಟರಾಯಿತು. ಒಂದು ಹೋಳಿಗೆ, ಜೊತೆಗೆ ಕೋಸಂಬರಿ, ಪಲ್ಯ, ಹೋಳಿಗೆ ಸಾರು. ರಾತ್ರಿ ಸಣ್ಣ ಮುದ್ದೆ, ಸೊಪ್ಪು. ಮುದ್ದೆ ಔಷಧಿಯಲ್ಲ, ಅಳತೆ ಮೀರಿದರೆ ಅದೂ ಸಕ್ಕರೆ ಏರಿಸುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಹಬ್ಬವೆಂದು ಮಾತ್ರೆ ತಪ್ಪಿಸಬಾರದು, ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಉಪವಾಸ ಕೂರಬಾರದು.

'ಇನ್ನೊಂದು ಹಾಕಿಸ್ಕೊಳ್ಳಿ' ಎಂಬ ಒತ್ತಾಯ ಬರಗಾಲ ಕಂಡ ಹಿರಿಯರ ಪ್ರೀತಿ ಎಂದು ನಮಗನ್ನಿಸುತ್ತದೆ. ಈಗ ಸಾಕು ಅಂದವರ ಎಲೆಗೆ ಮತ್ತೆ ಬಡಿಸದಿರುವುದೂ ಪ್ರೀತಿಯೇ.