ಒಬ್ಬರಿಗೆ ಕಹಿ, ಇನ್ನೊಬ್ಬರಿಗೆ ಸಪ್ಪೆ

1931ರ ಸುಮಾರಿಗೆ ಅಮೆರಿಕದ ಡ್ಯೂಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರಜ್ಞ ಆರ್ಥರ್ ಫಾಕ್ಸ್ ಬಿಳಿ ಪುಡಿಯೊಂದನ್ನು ಬಾಟಲಿಗೆ ತುಂಬುತ್ತಿದ್ದಾಗ ಒಂದಿಷ್ಟು ಗಾಳಿಗೆ ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ನೋಲರ್ ಬಾಯೆಲ್ಲ ಕಹಿಯಾಯಿತೆಂದು ದೂರಿದರು. ಪುಡಿಗೆ ಇನ್ನೂ ಹತ್ತಿರವಿದ್ದ ಫಾಕ್ಸ್‌ಗೆ ಯಾವ ರುಚಿಯೂ ಇಲ್ಲ! ಇಬ್ಬರೂ ಹರಳನ್ನೇ ನಾಲಿಗೆಗೆ ಹಚ್ಚಿ ನೋಡಿದರು. ಇಂದಿನ ಯಾವ ಪ್ರಯೋಗಾಲಯವೂ ಇದಕ್ಕೆ ಒಪ್ಪಲಿಕ್ಕಿಲ್ಲ. ಆದರೂ ವಾದ ಮುಗಿಯಲಿಲ್ಲ.

ಆ ಪುಡಿಯ ಹೆಸರು ಫಿನೈಲ್‌ಥಯೋಕಾರ್ಬಮೈಡ್, ಚಿಕ್ಕದಾಗಿ ಪಿಟಿಸಿ. ಫಾಕ್ಸ್ ಕೈಗೆ ಸಿಕ್ಕವರ ಬಾಯಿಗೆಲ್ಲ ಅದನ್ನು ಹಾಕಿದರು. ವಯಸ್ಸು, ಲಿಂಗ ಯಾವುದೂ ಲೆಕ್ಕಕ್ಕಿಲ್ಲ. ಜನ ಎರಡು ಪಂಗಡ. ತಳಿವಿಜ್ಞಾನಿ ಆಲ್ಬರ್ಟ್ ಬ್ಲೇಕ್ಸ್‌ಲಿ ಜೊತೆ ಸೇರಿ ನ್ಯೂ ಆರ್ಲಿಯನ್ಸ್‌ನ ವಿಜ್ಞಾನಿಗಳ ಸಮ್ಮೇಳನಕ್ಕೆ ಬಂದವರಿಗೂ ರುಚಿ ತೋರಿಸಿದಾಗ, ಸುಮಾರು ಎರಡೂವರೆ ಸಾವಿರ ಜನರಲ್ಲಿ ಶೇ. 28 ಮಂದಿಗೆ ಅದು ಸಪ್ಪೆ.

ಇದು ವಂಶಪಾರಂಪರ್ಯ ಎಂದು ಬೇಗನೇ ಗೊತ್ತಾಯಿತು. ಡಿಎನ್‌ಎ ಪರೀಕ್ಷೆ ಇಲ್ಲದ ಆ ಕಾಲದಲ್ಲಿ ಮಗುವಿನ ತಂದೆ ಯಾರೆಂಬ ತಕರಾರಿಗೂ ಪಿಟಿಸಿಯನ್ನು ಬಳಸಿದರು. ಮಗುವಿನ ಭವಿಷ್ಯವನ್ನು ಒಂದು ಪುಡಿಯ ಮೇಲೆ ನಿಲ್ಲಿಸುವುದು ದುಸ್ಸಾಹಸವೇ, ಏಕೆಂದರೆ ರುಚಿ ಗೊತ್ತಾಗುವವರು, ಗೊತ್ತಾಗದವರು ಎಂಬ ಗೆರೆ ಅಷ್ಟು ಖಚಿತವಲ್ಲ. ಭಾರತದ ಮಾನವಶಾಸ್ತ್ರಜ್ಞರೂ ಬೇರೆ ಬೇರೆ ಸಮುದಾಯಗಳಲ್ಲಿ ಇದೇ ಪರೀಕ್ಷೆ ನಡೆಸಿದರು.

2003ರಲ್ಲಿ ಕಾರಣ ಸಿಕ್ಕಿತು. ಏಳನೇ ವರ್ಣತಂತುವಿನ ಟಿಎಎಸ್2ಆರ್38 ಎಂಬ ಜೀನ್ ನಾಲಿಗೆಯ ಒಂದು ಕಹಿಗ್ರಾಹಕವನ್ನು ರೂಪಿಸುತ್ತದೆ. ಅದರಲ್ಲಿನ ಸಣ್ಣ ವ್ಯತ್ಯಾಸಗಳೇ ಜನರನ್ನು ಬೇರೆಮಾಡಿದ್ದವು. ಎಲೆಕೋಸು, ಬ್ರೊಕೊಲಿಯ ಕೆಲವು ಅಂಶಗಳನ್ನು ಗುರುತಿಸುವುದೂ ಇದೇ ಗ್ರಾಹಕ. ಹಾಗೆಂದು ಹಾಗಲಕಾಯಿ ಒಲ್ಲೆನೆನ್ನುವವರು ಈ ಜೀನನ್ನು ದೂರುವಂತಿಲ್ಲ, ಅದರ ಕಹಿ ಬೇರೆ ರಾಸಾಯನಿಕಗಳದ್ದು. ಕಹಿಯ ಗ್ರಾಹಕಗಳೇ ಮನುಷ್ಯನಲ್ಲಿ ಸುಮಾರು 25 ಬಗೆಯವು.

ಕಥೆಯಲ್ಲಿ ಚಿಂಪಾಂಜಿಗಳೂ ಇವೆ. 1939ರಲ್ಲಿ ರೊನಾಲ್ಡ್ ಫಿಶರ್, ಇ. ಬಿ. ಫೋರ್ಡ್, ಜೂಲಿಯನ್ ಹಕ್ಸ್‌ಲಿ ಮೃಗಾಲಯದ ಚಿಂಪಾಂಜಿಗಳಿಗೆ ಪಿಟಿಸಿ ಬೆರೆಸಿದ ಸಕ್ಕರೆ ನೀರು ಕುಡಿಸಿದರು. ಅಲ್ಲಿಯೂ ಕೆಲವಕ್ಕೆ ಕಹಿ, ಕೆಲವಕ್ಕೆ ಏನೂ ಇಲ್ಲ. ಮನುಷ್ಯ ಮತ್ತು ಚಿಂಪಾಂಜಿಯ ಸಮಾನ ಪೂರ್ವಜರ ಕಾಲದಿಂದಲೂ ಈ ಭೇದ ಉಳಿದುಬಂದಿದೆಯೆಂದು ಮೂವರೂ ತೀರ್ಮಾನಿಸಿದರು. 2006ರಲ್ಲಿ ಜೀನನ್ನೇ ಓದಿ ನೋಡಿದಾಗ ಅದು ತಪ್ಪೆಂದು ತಿಳಿಯಿತು: ಚಿಂಪಾಂಜಿಗಳಲ್ಲಿ ಆ ಗ್ರಾಹಕ ಕೆಟ್ಟಿರುವುದು ಬೇರೆಯೇ ರೂಪಾಂತರದಿಂದ, ಮನುಷ್ಯರದರ ಹಂಗಿಲ್ಲದೆ.