ಗ್ರೇವ್ಲಿ ಹಿಲ್ಲಿನ ರಸ್ತೆಗಂಟು: ಸ್ಥಳಚರಿತ್ರೆಯ ಒಂದು ವಿಚಾರ

ತಲಪಾಡಿಯಿಂದ ಚೆಂಗಳದವರೆಗಿನ ರಾಷ್ಟ್ರೀಯ ಹೆದ್ದಾರಿಯನ್ನು ಆರು ಪಥಗಳಿಗೆ ಅಗಲಿಸುವ ಕೆಲಸ ನಡೆದುದನ್ನು ಕಾಸರಗೋಡು ಸೀಮೆಯ ನಾವೆಲ್ಲರೂ ಕಣ್ಣಾರೆ ಕಂಡವರು. ಹಳೆಯ ಹೆದ್ದಾರಿಯ ಬದಿಯಲ್ಲಿ ಏನೇನಿದ್ದುವೆಂದು ಒಮ್ಮೆ ತರಗತಿಯಲ್ಲಿ ಕೇಳಿದೆವು. ಕೆಲವೇ ವರ್ಷಗಳ ಹಿಂದಿನ ಮಾತಾದರೂ ಇಬ್ಬರ ಉತ್ತರ ಒಂದೇ ತೆರನಾಗಿರಲಿಲ್ಲ. ಒಬ್ಬನು ಅಂಗಡಿಯೆಂದ ಜಾಗದಲ್ಲಿ ಮತ್ತೊಬ್ಬನು ಮರವನ್ನು ನೆನೆದನು. ಕಣ್ಣೆದುರಿನ ಬದಲಾವಣೆಯೇ ಇಷ್ಟು ಬೇಗ ಮಸುಕಾಗುವುದಾದರೆ ಸ್ಥಳಚರಿತ್ರೆಯನ್ನು ಬರೆಯುವ ಬಗೆ ಹೇಗೆ? ಈ ಪ್ರಶ್ನೆಗೆ ದೂರದ ಇಂಗ್ಲೆಂಡಿನ ಒಂದು ನಿದರ್ಶನದಿಂದ ಬೆಳಕು ದೊರೆಯುವುದೆಂದು ನಮಗೆ ತೋರಿದೆ.

ಬರ್ಮಿಂಗ್‌ಹ್ಯಾಮ್ ನಗರದ ಉತ್ತರ ಭಾಗದಲ್ಲಿ ಗ್ರೇವ್ಲಿ ಹಿಲ್ ಎಂಬ ಸ್ಥಳವಿದೆ. ಎಂ 6 ಎಂಬ ಮಹಾಮಾರ್ಗವೂ ನಗರದೊಳಕ್ಕೆ ಹೋಗುವ ಹೆದ್ದಾರಿಯೂ ಸುತ್ತಲಿನ ಊರ ರಸ್ತೆಗಳೂ ಅಲ್ಲಿ ಒಂದರ ಮೇಲೊಂದು ಹಾದು ಕೂಡಿಕೊಳ್ಳುತ್ತವೆ. 1968ರಲ್ಲಿ ಆರಂಭವಾದ ನಿರ್ಮಾಣವು ಮುಗಿದು, 1972ನೆಯ ಮೇ 24ರಂದು ಮಂತ್ರಿ ಪೀಟರ್ ವಾಕರ್ ಅವರಿಂದ ಉದ್ಘಾಟನೆಯಾಯಿತು. ಸುಮಾರು 30 ಎಕರೆ ನೆಲ, ಐದು ಅಂತಸ್ತುಗಳು, 559 ಕಾಂಕ್ರೀಟು ಕಂಬಗಳು, ಅವುಗಳಲ್ಲಿ ಎತ್ತರವಾದುವು ಸುಮಾರು 80 ಅಡಿ. ಇದು ಅದರ ಸ್ಥೂಲ ಲೆಕ್ಕ. ವಿನ್ಯಾಸವು ಸರ್ ಓವನ್ ವಿಲಿಯಮ್ಸ್ ಅವರ ಸಂಸ್ಥೆಯದು. ಇಂಗ್ಲೆಂಡಿನ ಎಂ 1 ಮಾರ್ಗದ ಮೊದಲ ಭಾಗವನ್ನು ರೂಪಿಸಿದುದೂ ಅದೇ ಸಂಸ್ಥೆ. ವಿಲಿಯಮ್ಸ್ ಅವರು 1969ರಲ್ಲಿ ತೀರಿಕೊಂಡುದರಿಂದ ಈ ಕೆಲಸದ ಮುಕ್ತಾಯವನ್ನು ಕಾಣಲಿಲ್ಲ.

ಜನರ ಬಾಯಲ್ಲಿ ಇದರ ಹೆಸರು ‘ಸ್ಪಗೆಟಿ ಜಂಕ್ಷನ್’. ಸ್ಪಗೆಟಿಯೆಂದರೆ ಇಟಲಿಯವರ, ನಮ್ಮ ಶ್ಯಾವಿಗೆಯನ್ನು ಹೋಲುವ ಒಂದು ತಿನಿಸು. ತಟ್ಟೆಯಲ್ಲಿ ಸುತ್ತಿಕೊಂಡ ಎಳೆಗಳಂತೆ ಹೆಣೆದುಕೊಂಡ ರಸ್ತೆಗಳನ್ನು ಕಂಡು, ದಾರಿತಪ್ಪಿದ ಚಾಲಕರು ಇಟ್ಟ ಹೆಸರು ಇದೆಂದು ಯಾರಾದರೂ ಭಾವಿಸುವುದು ಸಹಜ. ವಾಸ್ತವವು ಬೇರೆ. ಕೆಲಸ ಆರಂಭವಾಗುವುದಕ್ಕೆ ಮೂರು ವರ್ಷ ಮೊದಲೇ, 1965ರಲ್ಲಿ, ನಕಾಶೆಯನ್ನು ನೋಡಿದ ಊರಿನ ಸಂಜೆಪತ್ರಿಕೆಯೊಂದು ಈ ಹೋಲಿಕೆಯನ್ನು ಮಾಡಿತು. ಹುಟ್ಟದ ಕೂಸಿಗೆ ಕುಲಾವಿ ಹೊಲಿದಂತೆ, ರಸ್ತೆಗಿಂತ ಮೊದಲು ಹೆಸರು ಸಿದ್ಧವಾಯಿತು. ಆದುದರಿಂದ ಹೆಸರಿನ ಕಥೆಯನ್ನು ಕೇಳಿದಾಗ ತಾರೀಖನ್ನೂ ಕೇಳಬೇಕು. ನೆನಪನ್ನು ಗೌರವಿಸುವುದೆಂದರೆ ಪರೀಕ್ಷಿಸದೆ ಒಪ್ಪುವುದಲ್ಲ.

ಈ ಕಂಬಗಳ ಕಾಡಿನ ಕೆಳಗೆ ಇನ್ನೊಂದು ಹಳೆಯ ಕೂಡುದಾರಿಯಿದೆ. ಅದು ನೀರಿನದು. 1789ರಲ್ಲಿ ತೆರೆದ ಬರ್ಮಿಂಗ್‌ಹ್ಯಾಮ್–ಫೇಜ್ಲಿ ಕಾಲುವೆಯನ್ನು 1844ರಲ್ಲಿ ಮತ್ತೆರಡು ಕಾಲುವೆಗಳು ಇಲ್ಲಿಯೇ ಬಂದು ಸೇರಿದುವು. ಹಿಂದೆ ದೋಣಿಗಳನ್ನು ದಡದ ಮೇಲಿನ ಕುದುರೆಗಳು ಹಗ್ಗದಿಂದ ಎಳೆಯುತ್ತಿದ್ದುವು. ಕುದುರೆಯ ದಾರಿಗೂ ನೀರಿಗೂ ನಡುವೆ ಕಂಬವೊಂದು ನಿಂತರೆ ಹಗ್ಗವು ಅದಕ್ಕೆ ಸಿಕ್ಕಿಕೊಂಡು ದೋಣಿ ನಿಲ್ಲುವುದು. ಹಾಗಾಗದಂತೆ, ಕುದುರೆ ಎಳೆಯುವ ದೋಣಿಯೂ ಸರಾಗವಾಗಿ ಹೋಗುವಷ್ಟು ಎಡೆಬಿಟ್ಟು ಕಂಬಗಳನ್ನು ನಿಲ್ಲಿಸಿದರು. ಆ ಹೊತ್ತಿಗೆ ಯಂತ್ರದ ದೋಣಿಗಳು ಬಂದು ಕುದುರೆಗಳು ವಿರಳವಾಗಿದ್ದುವು. ಆದರೂ 18ನೆಯ ಶತಮಾನದ ಒಂದು ರೂಢಿಯು 20ನೆಯ ಶತಮಾನದ ಕಂಬಗಳ ಸ್ಥಾನವನ್ನು ನಿರ್ಣಯಿಸಿತು. ಕಾಲುವೆಯ ದಡದಲ್ಲಿ ನಿಂತು ಕಂಬಗಳ ಸಾಲನ್ನು ನೋಡಿದರೆ ಈ ಚರಿತ್ರೆಯನ್ನು ವಿದ್ಯಾರ್ಥಿಯೂ ಓದಬಲ್ಲನು.

ಕುದುರೆಗೆ ದೊರೆತ ಈ ಎಡೆ ಅಲ್ಲಿದ್ದ ಎಲ್ಲ ಮನೆಗಳಿಗೆ ದೊರೆಯಲಿಲ್ಲ. ರಸ್ತೆಗಾಗಿ ಮನೆಗಳು ಕೆಡಹಲ್ಪಟ್ಟುವು, ಒಕ್ಕಲುಗಳು ಚೆದರಿದುವು. ಉದ್ಘಾಟನೆಯ ದಿನವನ್ನು ಶಿಲೆಯಲ್ಲಿ ಕೊರೆಯುವುದು ವಾಡಿಕೆ. ಮನೆ ಬಿಟ್ಟ ದಿನ ಮನೆಯವರ ಮನಸ್ಸಿನಲ್ಲಿ ಮಾತ್ರ ಉಳಿಯುತ್ತದೆ, ಅವರೊಂದಿಗೆ ಅಳಿಯುತ್ತದೆ.

ಉಳಿದುಕೊಂಡ ನೆರೆಹೊರೆಯವರ ಅನುಭವವೂ ಗಮನಾರ್ಹವಾದುದು. ಆ ಕಾಲದ ಪೆಟ್ರೋಲಿನಲ್ಲಿ ಸೀಸ ಬೆರೆತಿರುತ್ತಿತ್ತು. ರಸ್ತೆ ತೆರೆಯುವ ಮೊದಲೂ ತೆರೆದ ಅನಂತರವೂ ಸಮೀಪದ ನಿವಾಸಿಗಳ ರಕ್ತವನ್ನು ಪರೀಕ್ಷಿಸಿದಾಗ ಸೀಸದ ಪ್ರಮಾಣವು ಏರಿದುದಾಗಿ 1975ರಲ್ಲಿ ಪ್ರಕಟವಾಯಿತು. ಸೀಸದ ಪೆಟ್ರೋಲಿನ ಸಾರ್ವಜನಿಕ ಮಾರಾಟವು ಬ್ರಿಟನ್ನಿನಲ್ಲಿ ನಿಂತದ್ದು 2000ದ ಆರಂಭದಲ್ಲಿ. ಭಾರತದಲ್ಲಿಯೂ ಅದೇ ವರ್ಷ. ವಾಹನದಲ್ಲಿ ಕುಳಿತು ಮೇಲೆ ಹಾದುಹೋದವರಿಗೆ ಆ ರಸ್ತೆ ಕೆಲವು ನಿಮಿಷಗಳ ಮಾತು, ಕೆಳಗೆ ವಾಸಿಸಿದವರಿಗೆ ಅದು ಉಸಿರಿನ ಮಾತು. ಇಬ್ಬರ ನೆನಪೂ ಒಂದಾಗಿರಲಾರದು, ಇಬ್ಬರದೂ ಸುಳ್ಳಲ್ಲ.

ರಸ್ತೆಯ ಚರಿತ್ರೆ ಉದ್ಘಾಟನೆಯೊಂದಿಗೆ ಮುಗಿಯಲೂ ಇಲ್ಲ. ಚಳಿಗಾಲದಲ್ಲಿ ಹಿಮವನ್ನು ಕರಗಿಸಲು ರಸ್ತೆಯ ಮೇಲೆ ಉಪ್ಪು ಚೆಲ್ಲುವುದು ಅಲ್ಲಿನ ಕ್ರಮ. ಆ ಉಪ್ಪುನೀರು ಸೇತುವೆಯ ಸಂದುಗಳಿಂದ ಜಿನುಗಿ, ಕಾಂಕ್ರೀಟನ್ನು ಹೊಕ್ಕು, ಒಳಗಿನ ಉಕ್ಕಿನ ಸರಳುಗಳಿಗೆ ತುಕ್ಕು ಹಿಡಿಸಿತು. ಗ್ರೇವ್ಲಿ ಹಿಲ್ಲನ್ನು ಒಳಗೊಂಡ ಆ ಪ್ರಾಂತದ ಎತ್ತರದ ಹೆದ್ದಾರಿಯಲ್ಲಿ ಸೇತುಮಾಲೆಗಳು 11. ಅವನ್ನು ಕಟ್ಟಲು ತಗುಲಿದುದು ಸುಮಾರು 2 ಕೋಟಿ 80 ಲಕ್ಷ ಪೌಂಡು. 1989ರೊಳಗೆ ದುರಸ್ತಿಗೆ ತಗುಲಿದುದು ಸುಮಾರು 4 ಕೋಟಿ 50 ಲಕ್ಷ. ಹಣದ ಬೆಲೆ ಇಳಿದುದನ್ನು ಗಣಿಸಬೇಕಾದುದು ನಿಜ. ಆದರೂ ಕಟ್ಟಿದವರ ಶ್ರಮದಷ್ಟೇ ಕಾಪಾಡಿದವರ ಶ್ರಮವೂ ಚರಿತ್ರೆಯ ಭಾಗವೆಂಬುದನ್ನು ಈ ಅಂಕಿಗಳು ತಿಳಿಸುತ್ತವೆ.

ಇಷ್ಟರಿಂದ ಅಧ್ಯಾಪಕರಾದ ನಾವು ಗ್ರಹಿಸಬೇಕಾದುದೇನು? ಕಡತಗಳು ರಸ್ತೆಯ ಅಳತೆಯನ್ನು ಕೊಡುತ್ತವೆ. ರಸ್ತೆ ಯಾವುದರ ಮೇಲೆ ಬಂತೆಂಬುದನ್ನು ನೆನಪು ಕೊಡುತ್ತದೆ. ಒಂದನ್ನು ಮತ್ತೊಂದರಿಂದ ತಿದ್ದಿಕೊಳ್ಳಬೇಕು. ಗಡಿನಾಡಿನವರಿಗೆ ಈ ಕಾರ್ಯ ಇನ್ನೂ ಅಗತ್ಯವಾದುದು. ನಮ್ಮಲ್ಲಿ ಒಂದು ಕಟ್ಟೆ ಹೋದರೆ ಅದರೊಂದಿಗೆ ಕಟ್ಟೆಯ ಕನ್ನಡ ಹೆಸರೂ, ತುಳು ಹೆಸರೂ, ಮಲೆಯಾಳದ ಹೆಸರೂ ಹೋಗುತ್ತವೆ. ಹೊಸ ಫಲಕದಲ್ಲಿ ಇವೆಲ್ಲಕ್ಕೂ ಸ್ಥಳವಿರುವುದಿಲ್ಲ.

ಆದುದರಿಂದ ಹೆದ್ದಾರಿಯ ಬದಿಯ ಪ್ರತಿಯೊಂದು ಶಾಲೆಯೂ ಒಂದು ದಪ್ಪ ಪುಸ್ತಕವನ್ನಿಟ್ಟು, ಹಿರಿಯರನ್ನು ಕಂಡು, ಮನೆ, ಮರ, ಬಾವಿ, ಕಟ್ಟೆ, ಅಂಗಡಿಗಳ ಸ್ಥಾನವನ್ನೂ ಹೆಸರನ್ನೂ ಬರೆದಿಡಲಿ. ಹೇಳಿದವರ ವಯಸ್ಸು, ಕೇಳಿದ ದಿನ ಇವೂ ದಾಖಲಾಗಲಿ. ಇಬ್ಬರ ಮಾತು ಬೇರೆಯಾದರೆ ಎರಡನ್ನೂ ಬರೆಯಲಿ. ಹಳೆಯ ಭೂದಾಖಲೆಯನ್ನೂ ಚಿತ್ರಗಳನ್ನೂ ಇಟ್ಟು ನೋಡಲಿ. ನಮ್ಮ ತರಗತಿಯಲ್ಲಿ ಅಂಗಡಿಯೋ ಮರವೋ ಎಂದು ಹುಟ್ಟಿದ ವಾದವು ಇನ್ನೂ ತೀರ್ಮಾನವಾಗಿಲ್ಲ. ಅದನ್ನು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮನೆಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಕೆಲಸವು ಮುಂದಿನ ರಜೆಯವರೆಗೆ ಉಳಿಯದಿರಲೆಂದು ಸಹೋದ್ಯೋಗಿಗಳಲ್ಲಿ ನಮ್ಮ ಬಿನ್ನಹ.