ಸೋತವನ ಕಣ್ಣಿಗೆ ಕಂಡ ರಣರಂಗ

1791ರ ಡಿಸೆಂಬರ್ 21ರಂದು ಮಾಗಡಿ ಸೀಮೆಯ ಸಾವನದುರ್ಗವು ಲಾರ್ಡ್ ಕಾರ್ನ್‌ವಾಲಿಸನ ಸೇನೆಯ ವಶವಾಯಿತು. ಕೆಲವೇ ದಿನಗಳಲ್ಲಿ ರಾಮಗಿರಿ, ಹುತ್ರಿದುರ್ಗಗಳೂ ಕೈಬಿಟ್ಟವು. ಲಗ್ಗೆಯು ಒಂದು ಗಂಟೆಯೊಳಗೆ ಮುಗಿಯಿತೆಂದೂ ತಮ್ಮ ಕಡೆಯ ಹಾನಿ ಅತ್ಯಲ್ಪವೆಂದೂ ಆಂಗ್ಲರ ವೃತ್ತಾಂತಗಳು ಹೆಮ್ಮೆಯಿಂದ ಹೇಳುತ್ತವೆ. ದುರ್ಗದ ಮೇಲೆ ಮಡಿದ ಸಾಮಾನ್ಯ ಸಿಪಾಯಿಗಳ ಹೆಸರನ್ನು ಅವುಗಳಲ್ಲಿ ಹುಡುಕಹೊರಟವನು ಬರಿಗೈಯಲ್ಲಿ ಮರಳಬೇಕು. ಅಂದು ಕಾನಕಾನಹಳ್ಳಿ ಎನಿಸಿಕೊಂಡಿದ್ದ ಕನಕಪುರದ ಪಾಡು ಇನ್ನೂ ವಿಚಿತ್ರ. ಶ್ರೀರಂಗಪಟ್ಟಣದತ್ತ ಸಾಗುವ ಶತ್ರುಸೇನೆಗೆ ಆಸರೆಯಾಗಬಾರದೆಂದು ಟಿಪ್ಪುವೇ ಆ ಊರನ್ನು ಎರಡು ಬಾರಿ ಹಾಳುಗೆಡವಿಸಿದನು. ಯುದ್ಧದಲ್ಲಿ ಊರನ್ನು ಸುಡುವವನು ಯಾವಾಗಲೂ ಹಗೆಯೇ ಆಗಿರಬೇಕೆಂದಿಲ್ಲ.

ಗೆದ್ದವರ ಕಡತವು ಬಿಟ್ಟ ಲೆಕ್ಕವನ್ನು ಬರೆಯುವವರು ಯಾರು? ಇದಕ್ಕೆ ಎಂಟು ಶತಮಾನಗಳಷ್ಟು ಮೊದಲೇ ಕನ್ನಡದ ಜೈನ ಕವಿಯೊಬ್ಬನು ಆ ಕೆಲಸವನ್ನು ಮಾಡಿದ್ದನು. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ‘ಸಾಹಸಭೀಮವಿಜಯ’ವನ್ನು, ಎಂದರೆ ಗದಾಯುದ್ಧವನ್ನು, ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ರಚಿಸಿದನು. ಗೆದ್ದವನನ್ನು ಹೊಗಳುವುದು ಅನ್ನದ ಋಣ. ಅದನ್ನು ಕವಿ ತೀರಿಸಿದನು. ಆದರೆ ಓದುಗನ ಕೈಹಿಡಿದು ಹೆಣಗಳ ನಡುವೆ ನಡೆಸುವವನು ಭೀಮನಲ್ಲ, ದುರ್ಯೋಧನ.

ಸಂಜಯನೊಡನೆ ನಡೆಯುತ್ತ ಆತನು ಒಬ್ಬೊಬ್ಬರ ಬಳಿಯೂ ನಿಲ್ಲುತ್ತಾನೆ. ಗುರು ದ್ರೋಣ, ತಮ್ಮ ದುಶ್ಶಾಸನ, ಪ್ರಾಣಮಿತ್ರ ಕರ್ಣ. ತನಗೆ ಉತ್ತರಕ್ರಿಯೆ ಮಾಡಬೇಕಾಗಿದ್ದ ಮಗ ಲಕ್ಷಣಕುಮಾರನು ತನಗಿಂತ ಮೊದಲೇ ಮಣ್ಣಿನಲ್ಲಿ ಮಲಗಿದ್ದಾನೆ. ಕ್ರಮವೇ ತಲೆಕೆಳಗಾಯಿತಲ್ಲಾ ಎಂದು ತಂದೆ ಹಲುಬುತ್ತಾನೆ. ಇವರೆಲ್ಲ ಅವನ ಕಡೆಯವರು, ಅಳುವುದು ಸಹಜ. ಆದರೆ ಅಭಿಮನ್ಯುವಿನ ಶವದೆದುರೂ ಅವನು ಕೈಮುಗಿಯುತ್ತಾನೆ. ಹಲವರು ಕೂಡಿ ಒಬ್ಬ ಹುಡುಗನನ್ನು ಕೊಂದ ಆ ಕ್ರೌರ್ಯದಲ್ಲಿ ಪಾಲುಗಾರನಾದವನೇ ಅಂತಹ ಮರಣದ ಒಂದಂಶ ತನಗೂ ದೊರೆಯಲೆಂದು ಬೇಡುತ್ತಾನೆ. ಇಡೀ ಕಾವ್ಯದಲ್ಲಿ ಇದಕ್ಕಿಂತ ಭಾರವಾದ ಎಡೆ ಮತ್ತೊಂದಿಲ್ಲ.

ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ವಿಂಗಡಿಸುವ ಶ್ರಾವಕಾಚಾರವು ಆತ್ಮರಕ್ಷಣೆಗಾಗಿ ನಡೆಯುವ ವಿರೋಧಿ ಹಿಂಸೆಯನ್ನು ಅನಿವಾರ್ಯವೆಂದು ಒಪ್ಪುತ್ತದೆ. ರನ್ನನಿಗೆ ಆಶ್ರಯವಿತ್ತ ಚಾವುಂಡರಾಯನು ಸ್ವತಃ ಸೇನಾಪತಿ. ಗೊಮ್ಮಟನನ್ನು ನಿಲ್ಲಿಸಿದವನೂ ಅವನೇ. 941ರ ಆದಿಪುರಾಣದಲ್ಲಿ ಪಂಪನು ಹೇಳುವ ಭರತ-ಬಾಹುಬಲಿಯರ ಕಥೆಯಲ್ಲಿ ಮಂತ್ರಿಗಳು ಸೈನ್ಯಗಳನ್ನು ಬದಿಗಿರಿಸಿ ದೃಷ್ಟಿ, ಜಲ, ಮಲ್ಲ ಯುದ್ಧಗಳನ್ನು ಏರ್ಪಡಿಸುತ್ತಾರೆ. ಸಿಪಾಯಿಗಳು ಬದುಕಿ ಮನೆಗೆ ಮರಳುತ್ತಾರೆ. ಕುರುಕ್ಷೇತ್ರಕ್ಕೆ ಆ ಭಾಗ್ಯವಿರಲಿಲ್ಲ.

ಹೆಣಗಳನ್ನೆಲ್ಲ ದಾಟಿ ಬಂದ ದುರ್ಯೋಧನನಿಗೆ ಶರಶಯ್ಯೆಯಲ್ಲಿದ್ದ ಭೀಷ್ಮನು ಇನ್ನಾದರೂ ಸಂಧಿ ಮಾಡಿಕೊಳ್ಳೆಂದು ಹೇಳುತ್ತಾನೆ. ಕಣ್ಣಾರೆ ಎಲ್ಲವನ್ನೂ ಕಂಡವನು, ಈಗಷ್ಟೆ ಅತ್ತವನು, ಒಪ್ಪುವುದಿಲ್ಲ. ವೈಶಂಪಾಯನ ಸರೋವರದತ್ತ ನಡೆಯುತ್ತಾನೆ.